ಹಸಿ ತಾರಸಿ

ಬೀದಿಬಾಗಿಲಿಗೆ ಕಟ್ಟಿದ್ದ ಕಮಾನು ನೋಡಲು ಚೆನ್ನಾಗಿಯೇ ಇತ್ತು. ಮೇಲಿನಿಂದ ಬುಡದವರೆಗೆ ಕೆಂಪು, ಬಿಳಿ ಕಾಗದದ ಹೂವು. ಆದರೆ ಹೂವಿನೊಳಗಿನ ಕಂಬಗಳನ್ನು ಎಲ್ಲೋ ಕಂಡಂತೆನಿಸಿ ಎಲೋದಿಯಾ ನೀರಿನ ಬಕೆಟ್ಟನ್ನು ಕೆಳಗಿಟ್ಟಳು. ಒಂದರ ಮೈಮೇಲೆ ಸಿಮೆಂಟಿನ ಹಾಲು ಇಳಿದು ಒಣಗಿದ ಬಿಳಿ ಗೆರೆ.

ಹೊಸ ಕೋಣೆಗೆ ಓಡಿದಳು. ತಾರಸಿಯ ಹಲಗೆಗಳನ್ನು ಹೊತ್ತು ಕಾಡಿನಂತೆ ನಿಂತಿದ್ದ ಕಂಬಗಳ ನಟ್ಟನಡುವೆ ಒಂದು ಬಯಲು. ಆ ಬಯಲಿನಲ್ಲಿ ಗಂಡ ಕಾಸ್ತುಲೋ ಮೇಜಿಗೆ ಬಿಳಿ ಬಟ್ಟೆ ಹಾಸುತ್ತಿದ್ದ.

"ಕಂಬ ಯಾಕೆ ಕಿತ್ತೆ?"

"ಮತ್ತೆ ಇವತ್ತು ಸಂತನ ಪಲ್ಲಕ್ಕಿ ಎಲ್ಲಿಂದ ಒಳಗೆ ಬರ್ಬೇಕು? ಸಂತ ಇಸಿದ್ರೋ ಏನು ಹಾವಾ, ಸಂದೀಲಿ ನುಸುಳಿ ಬರೋಕೆ?"

"ಅನ್ಸೆಲ್ಮೋ ನಾಲ್ಕು ವಾರ ಮುಟ್ಬೇಡಿ ಅಂದಿದ್ದ. ಎರಡು ವಾರಾನೂ ಆಗಿಲ್ಲ!"

"ನಿನ್ನ ತಮ್ಮ ಹಾಗೇ ಹೆದರಿಸ್ತಾನೆ. ಬೆಳಗ್ಗೆ ಮೇಲೆ ಹತ್ತಿ ಕುಣಿದು ನೋಡಿದೆ ಕಣೇ. ಕಲ್ಲು! ಸುತ್ತಿಗೇಲಿ ಹೊಡೆದ್ರೆ ಸುತ್ತಿಗೇನೇ ಚೀರುತ್ತೆ."

ಎಲೋದಿಯಾ ತಲೆಯೆತ್ತಿ ನೋಡಿದಳು. ನಡುವಿನ ಎರಡು ಹಲಗೆಗಳ ಸಂದಿಯಲ್ಲಿ ಒಂದು ಹನಿ ತೂಗುತ್ತಿತ್ತು. ತಾರಸಿಯ ಅಂಚಿಗೆ ಮಣ್ಣಿನ ಬದು ಕಟ್ಟಿ, ಬೆಳಗ್ಗೆ ಸಂಜೆ ನೀರು ನಿಲ್ಲಿಸುತ್ತಿದ್ದವಳು ಅವಳೇ. ಆದರೆ ನಿನ್ನೆಯವರೆಗೆ ಅಲ್ಲಿ ತೊಟ್ಟಿಕ್ಕಿರಲಿಲ್ಲ. ಹನಿ ಬಿಳಿ ಬಟ್ಟೆಯ ಮೇಲೆ ಬಿತ್ತು.

ಅಂಗಳಕ್ಕೆ ಬಂದು ತಮ್ಮನಿಗೆ ಫೋನು ಮಾಡಿದಳು. ಈ ತಾರಸಿಗೆ ಮೇಸ್ತ್ರಿ ಅವನೇ. ಕಾಂಕ್ರೀಟು ಹಾಕಿದ ದಿನ ಇಡೀ ಬೀದಿಯೇ ಸಾಲು ನಿಂತು ಕಲಸಿದ ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿತ್ತು. ಮಾರನೇ ದಿನವೇ ಅವನು ಪ್ವೆಬ್ಲಾ ಪೇಟೆಯ ಬೇರೆ ಕೆಲಸಕ್ಕೆ ಹೋಗಿದ್ದ. ಹೋಗುವಾಗ ಹೇಳಿದ್ದ, "ಅಕ್ಕಾ, ಈ ತಾರಸಿ ಬಾಣಂತಿ ಅಂದ್ಕೋ. ವಾರಕ್ಕೇ ಎದ್ದು ಓಡಾಡೋ ಹಾಗೆ ಕಾಣ್ತಾಳೆ. ನಂಬಬೇಡ. ಮೂಳೆ ಇನ್ನೂ ಹಸಿ."

"ಎಷ್ಟು ಕಂಬ?" ಅನ್ಸೆಲ್ಮೋ ಕೇಳಿದ.

"ಮೂರು. ನಡುವಿನವು."

ಬಸ್ಸುಗಳ ಸದ್ದಿನ ನಡುವೆ ಅನ್ಸೆಲ್ಮೋ ದನಿ ಏರಿತು.

"ಭಾವನ್ನ ಆಚೆ ಕರಿ. ಒಳಗೆ ಯಾರನ್ನೂ ಬಿಡ್ಬೇಡ. ನೀನೂ ಹೋಗ್ಬೇಡ. ಕಂಬ ನೀವೇ ಇಡೋಕೂ ಹೋಗ್ಬೇಡಿ, ಬುಡದ ಬೆಣೆ ಜೋರಾಗಿ ಬಡಿದ್ರೆ ತಾರಸೀನ ಕೆಳಗಿಂದ ಎತ್ತಿ ಸೀಳುತ್ತೆ. ನಾನು ಹೊರಟೆ."

ಫೋನು ಇಡುವಷ್ಟರಲ್ಲಿ ಗುಡ್ಡದ ಕೆಳಗೆ ಆಕಾಶಬಾಣ ಸಿಡಿಯಿತು. ಸಂತನ ಮೆರವಣಿಗೆ ಚರ್ಚಿನ ಮೂಲೆ ತಿರುಗಿದೆ.

"ಒಳಗೆ ಬಿಡಲ್ಲ ಅಂದ್ರೆ?" ಹೆಂಡತಿಯ ಕರೆಗೆ ಆಚೆ ಬಂದು, ಅನ್ಸೆಲ್ಮೋ ಹೇಳಿದ್ದನ್ನು ಕೇಳಿದ ಕಾಸ್ತುಲೋವಿನ ಮುಖ ಕಪ್ಪಿಟ್ಟಿತು. "ಸಂತ ನಮ್ಮನೇಲಿ ಒಂದು ವರ್ಷ ಇರ್ಲಿ ಅಂತ ಕೇಳ್ತಾ ಕೇಳ್ತಾ ನಮ್ಮಮ್ಮ ಕಣ್ಣು ಮುಚ್ಚಿದ್ಲು. ಈಗ ಸರದಿ ಬಂದಿದೆ. ಕೋಣೆ ಕಟ್ಟಿದ್ದೇ ಅವನಿಗೆ. ಬಾಗಿಲಿಗೆ ಬಂದೋನ್ನ ವಾಪಸ್ ಕಳಿಸಿದ್ರೆ ನಾಳೆ ನಾನು ಈ ಬೀದೀಲಿ ಹೇಗೆ ತಲೆಯೆತ್ತಲಿ?"

ಎಲೋದಿಯಾ ಗೋಡೆಯ ಕಡೆ ತಿರುಗಿದಳು. ಅತ್ತೆ ಜಪಮಣಿ ತಿರುಗಿಸುತ್ತ ಕೂರುತ್ತಿದ್ದ ಕುರ್ಚಿ ಅಲ್ಲೇ ಗೋಡೆಗೆ ಒರಗಿತ್ತು. ಸಂತ ತಂದೆಯೇ, ಇದು ನಿನ್ನ ಮನೆ, ಆದರೆ ಇವತ್ತು ಬರಬೇಡ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅಂದುಕೊಂಡದ್ದಕ್ಕೆ ಹೆದರಿ ಶಿಲುಬೆಯ ಗುರುತು ಹಾಕಿಕೊಂಡಳು.

ಕಹಳೆ, ಡೋಲು ಹತ್ತಿರವಾದವು. ಕಮಾನಿನ ಕೆಳಗೆ ಪಲ್ಲಕ್ಕಿ ತಲೆಬಾಗಿ ಅಂಗಳಕ್ಕೆ ಬಂತು. ಮರದ ಸಂತ, ಪಕ್ಕದಲ್ಲಿ ಪುಟ್ಟ ಜೋಡೆತ್ತು, ಕೊರಳಲ್ಲಿ ಹಸಿರು ಜೋಳದ ತೆನೆ. ಹಿಂದೆ ಬೀದಿಗೆ ಬೀದಿಯೇ. ಅಂದು ಬಕೆಟ್ಟು ದಾಟಿಸಿದ ಕೈಗಳಲ್ಲಿ ಇಂದು ಮೋಂಬತ್ತಿ. ಹೊತ್ತವರು ನೇರ ಕೋಣೆಯ ಕಡೆ ತಿರುಗಿದರು.

ಎಲೋದಿಯಾ ಹೊಸ್ತಿಲ ಮೇಲೆ ನಿಂತು ಎರಡೂ ಕೈ ಅಗಲಿಸಿದಳು.

ಡೋಲು ನಿಂತಿತು. ಜಪ ಹೇಳಿಸುತ್ತ ಮುಂದೆ ಬರುತ್ತಿದ್ದ ಮುದುಕಿ ಕ್ರಿಸಾಂತಾ ಕಣ್ಣು ಕಿರಿದು ಮಾಡಿದಳು. "ಏನೇ ಹುಡುಗಿ, ಸಂತನಿಗೇ ಅಡ್ಡ ನಿಂತಿದ್ದೀಯಾ?"

"ಅಡ್ಡ ಅಲ್ಲ ಅಜ್ಜಿ. ತಾರಸಿ ಹಸಿ. ನಡುವಿನ ಕಂಬ ಕಿತ್ಬಿಟ್ಟಿದ್ದೀವಿ." ಕಿತ್ತಿದ್ದೀವಿ ಎಂದಳು, ಕಿತ್ತಿದ್ದಾನೆ ಎನ್ನಲಿಲ್ಲ. "ಇನ್ನೂ ಬಾಣಂತಿ ಅಂದ ನನ್ನ ತಮ್ಮ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. "ಕಾಸ್ತುಲೋ, ಕಂಬ ಹೂವು ಮುಡ್ಕೊಂಡು ಬೀದೀಲಿ ನಿಂತಿವೆ, ತಾರಸಿ ಯಾರ ತಲೆ ಮೇಲೆ ನಿಂತಿದೆಯಪ್ಪಾ?" ಕಾಸ್ತುಲೋ ನೆಲ ನೋಡಿದ.

ಕ್ರಿಸಾಂತಾ ಮಾತ್ರ ನಗಲಿಲ್ಲ. "ನಾನು ಒಂಬತ್ತು ಹೆತ್ತವಳು. ಬಾಣಂತಿ ಕೋಣೆಗೆ ಡೋಲು ಬಾರಿಸ್ಕೊಂಡು ಯಾರೂ ನುಗ್ಗಲ್ಲ. ಇಳಿಸ್ರೋ ಇಲ್ಲೇ. ಹೊಲದಲ್ಲಿ ದುಡಿದೋನು ಅವನು, ಆಕಾಶ ಅವನಿಗೆ ಹೊಸದಲ್ಲ."

ಸಂತ ಅಂಗಳದಲ್ಲೇ ಕೂತ. ಜಪ ಶುರುವಾಯಿತು. ಎಲ್ಲರ ತುಟಿಯಲ್ಲಿ ಮೇರಿ ತಾಯಿಯ ನಾಮ, ಎಲೋದಿಯಾಳ ಕಿವಿ ಮಾತ್ರ ಬೆನ್ನ ಹಿಂದಿನ ಕೋಣೆಯಲ್ಲಿ. ಟಪ್. ಮತ್ತೆ ಟಪ್. ಒಮ್ಮೆ ಮರ ನರಳಿದ ಸದ್ದು ಕೇಳಿಸಿತೋ, ಬರೀ ಭ್ರಮೆಯೋ. ಗಂಡ ದೂರದಲ್ಲಿ ಒಬ್ಬನೇ ನಿಂತಿದ್ದ. ಅವಳ ಕಡೆ ತಿರುಗಲೇ ಇಲ್ಲ.

ಜನ ಎಲೆಯಲ್ಲಿ ಬೇಯಿಸಿದ ಕಡುಬು ಬಿಚ್ಚುವ ಹೊತ್ತಿಗೆ ಅನ್ಸೆಲ್ಮೋ ಬಂದ. ಬಂದವನೇ ಕಮಾನು ಬಿಚ್ಚಿದ. ಹೂವು ಕಿತ್ತುಹಾಕಲೂ ತಾಳ್ಮೆಯಿಲ್ಲದೆ, ಹಾಗೆಯೇ ಕಂಬಗಳನ್ನು ಒಳಗೆ ಒಯ್ದು, ಬಾಗಿಲ ಕಡೆಯಿಂದ ಒಂದೊಂದಾಗಿ ನಿಲ್ಲಿಸಿ, ಬೆಣೆಗೆ ಮೆಲ್ಲನೆ ತಟ್ಟಿದ. ಆಮೇಲೆ ಗೋಡೆಯಿಂದ ಗೋಡೆಗೆ, ಹಲಗೆಗಿಂತ ಒಂದು ಬೆರಳು ಕೆಳಗೆ, ದಾರ ಬಿಗಿದ.

"ಬಾ ಭಾವ. ಬೆರಳಿಟ್ಟು ನೋಡು."

ಗೋಡೆಯ ಹತ್ತಿರ ದಾರಕ್ಕೂ ಹಲಗೆಗೂ ನಡುವೆ ಕಾಸ್ತುಲೋವಿನ ಬೆರಳು ಸಲೀಸಾಗಿ ಹೋಯಿತು. ನಡುವಿಗೆ ಬಂದಾಗ ಹೋಗಲಿಲ್ಲ. ಉಗುರೂ ಹೋಗಲಿಲ್ಲ; ಹಲಗೆ ದಾರದವರೆಗೂ ಜಗ್ಗಿತ್ತು. ಮತ್ತೊಮ್ಮೆ ತುರುಕಿ ನೋಡಿದ. ಬಾಗಿಲಾಚೆ, ಸಂತನ ಕಾಲ ಬಳಿ, ಬೀದಿಯ ಮಕ್ಕಳೆಲ್ಲ ಒತ್ತೊತ್ತಾಗಿ ಕೂತು ಕಡುಬು ತಿನ್ನುತ್ತಿದ್ದವು.

"ಉಳಿಯುತ್ತಾ?" ಎಂದು ಕೇಳಿದವಳು ಎಲೋದಿಯಾ.

"ಗೊತ್ತಿಲ್ಲ ಅಕ್ಕಾ. ನಾಲ್ಕು ವಾರ ಇವತ್ತಿಂದ ಎಣಿಸಿ. ನೀರು ತಪ್ಪಿಸ್ಬೇಡಿ. ಕಂಬ ತೆಗೆಯೋ ದಿನ ನಾನೇ ಬರ್ತೀನಿ, ಆಗ ಹೇಳ್ತೀನಿ."

ಕಾಸ್ತುಲೋ ಹೊರಗೆ ಹೋದ. ಹೆಂಡತಿ ಬೀದಿಬಾಗಿಲಲ್ಲಿ ಬಿಟ್ಟಿದ್ದ ನೀರಿನ ಬಕೆಟ್ಟು ಅಲ್ಲೇ ಇತ್ತು. ಅದನ್ನೆತ್ತಿಕೊಂಡು ಏಣಿ ಹತ್ತಿದ. ತಾರಸಿಗೆ ಕಾಲಿಡದೆ, ಏಣಿಯ ಮೇಲೇ ನಿಂತು, ಮಗುವಿಗೆ ನೀರು ಹೊಯ್ಯುವಂತೆ ಮೆಲ್ಲಗೆ ಸುರಿದ.

ಎಲೋದಿಯಾ ಹೊಸ್ತಿಲಲ್ಲಿ ನಿಂತು, ಹೂವು ಸುತ್ತಿಕೊಂಡ ಆ ಮೂರು ಕಂಬಗಳನ್ನು ನೋಡುತ್ತ, ಹನಿ ಬೀಳುತ್ತದೆಯೇ ಎಂದು ಕಿವಿಗೊಟ್ಟಳು.