ಕರಿ ದಿನದ ಗ್ಲಾಸು

ಕಿಶೋರನಿಗೆ ಹಿರಿಯರ ಎದುರು ‘ಇಲ್ಲ’ ಅನ್ನುವ ಧೈರ್ಯ ಇರಲಿಲ್ಲ.

ಗೋಕಾಕದ ಆ ಹಾಸ್ಟೆಲ್ಲಿನಲ್ಲಿ ಸಂಕ್ರಾಂತಿಯ ಮರುದಿನ, ಕರಿಯಂದು, ಊರಿಗೆ ಹೋಗದೆ ಉಳಿದ ಹೊಸ ಹುಡುಗರು ಒಂದೇ ಉಸಿರಿಗೆ ಒಂದು ಗ್ಲಾಸು ವಿಸ್ಕಿ ಕುಡಿಯಬೇಕು. ಪದ್ಧತಿ ಯಾರು ಹಚ್ಚಿದರೋ ಗೊತ್ತಿಲ್ಲ. ಬಿಡಿಸುವ ಗೋಜಿಗೂ ಯಾರೂ ಹೋಗಿರಲಿಲ್ಲ. ಮಧ್ಯಾಹ್ನ ಮಟನ್ ಊಟಕ್ಕೆ ಮುಂಚೆ ಯಲ್ಲಾಲಿಂಗ ಬಾಟಲಿ ತೆಗೆದ. ಕೊನೆಯ ವರ್ಷದವನು, ಎಲ್ಲರಿಗೂ ಅಣ್ಣ. ಕಿಶೋರನ ರೂಮಿನವನೇ ಆದ ಹುಕ್ಕೇರಿಯ ಶುಭಮ್ ಎಂದೂ ಕುಡಿದವನಲ್ಲ; ಗ್ಲಾಸು ಹಿಡಿದು ಹಿಂದೆಮುಂದೆ ನೋಡಿದ.

“ಯಾಕಲೇ, ಹಾಲ ಬೇಕೇನ? ನಿಮ್ಮವ್ವನ್ನ ಕರಸ್ಲೇನು?” ಎಂದ ಯಲ್ಲಾಲಿಂಗ.

ಎಲ್ಲರೂ ನಕ್ಕರು. ಶುಭಮ್ ಕುಡಿದ. ಚಪ್ಪಾಳೆ ಬಿತ್ತು. ಗ್ಲಾಸು ಮತ್ತೆ ತುಂಬಿತು, ಮತ್ತೆ ತುಂಬಿತು.

ಊಟ ಮುಗಿಯುವಷ್ಟರಲ್ಲಿ ಅವನು ನೆಲದ ಮೇಲಿದ್ದ. ಕೂಗಿದರೆ ಓಗೊಡಲಿಲ್ಲ, ಚಿವುಟಿದರೆ ಅಲುಗಲಿಲ್ಲ. ಮೈ ತಣ್ಣಗಿತ್ತು. ಗಂಟಲಲ್ಲಿ ಗೊರಗೊರ ಸದ್ದು.

“ಅಣ್ಣಾ, 108ಕ್ಕ ಫೋನ್ ಮಾಡೂಣ್ರಿ,” ಎಂದ ಕಿಶೋರ. “ಕಾಲೇಜಿನ ಪ್ರಥಮ ಚಿಕಿತ್ಸೆ ಶಿಬಿರದಾಗ ನರ್ಸ್ ದೀಪಾ ಅಕ್ಕಾರು ಹೇಳಿದ್ರು. ಮಗ್ಗಲಾಗಿ ಮಲಗಸ್ಬೇಕಂತ, ಬಾಯಾಗ ಏನೂ ಹಾಕಬಾರ್ದಂತ.”

“ಬಂದಾ ನೋಡ್ರಿ ಡಾಕ್ಟರ!” ಎಂದ ಯಲ್ಲಾಲಿಂಗ. “ಹುಣಸಿ ನೀರ ಹಾಕಿದ್ರ ಎಲ್ಲಾ ಇಳೀತೈತಿ. ನಮ್ಮ ಕಾಕಾಗ ದಿನಾ ಅದನ್ನ ಹಾಕ್ತಾರ.”

ವಾರ್ಡನ್ ಮಾಲಿಂಗಪ್ಪ ಬಂದು ಬಾಗಿಲಲ್ಲೇ ನಿಂತ. “ಗಾಡಿ ಬಂದ್ರ ಓಣಿ ತುಂಬ ಸುದ್ದಿ ಆಗತೈತಿ. ಹಾಸ್ಟೆಲ್ ಹೆಸರ ಏನಾಗಬೇಕಪಾ? ಮಲಗ್ಲಿ ಬಿಡ್ರಿ, ನಿಶಾ ತಾನ ಇಳೀತೈತಿ.”

ಕಿಶೋರನ ಕೈಯಲ್ಲಿ ಫೋನು ಇತ್ತು. ಅದನ್ನು ಜೇಬಿಗಿಳಿಸಿದ. “ತಲಿ ಹಿಡಿ,” ಎಂದ ಯಲ್ಲಾಲಿಂಗ. ಹಿಡಿದ. ಅಂಗಾತ ಮಲಗಿದ್ದವನ ಬಾಯಿಗೆ ಲೋಟ ಬಗ್ಗಿತು. ನೀರು ಹೊಟ್ಟೆಗಲ್ಲ, ಉಸಿರಿನ ದಾರಿಗೆ ಇಳಿಯಿತು. ಶುಭಮ್ ಒಮ್ಮೆ ಬಿಕ್ಕಿದ. ತುಟಿಗಳು ನೀಲಿಯಾದವು.

ಆಗ ಕಿಶೋರ ಯಾರನ್ನೂ ಕೇಳದೆ ಫೋನು ಮಾಡಿದ. ಗಾಡಿ ದೂರವೇನೂ ಇರಲಿಲ್ಲ, ಬಸ್ ಸ್ಟ್ಯಾಂಡಿನ ಬಾಜೂ ನಿಂತಿತ್ತು. ಅದು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಮಾಲಿಂಗಪ್ಪ ಕಿಶೋರನ ಕಿವಿಯ ಹತ್ತಿರ ಬಗ್ಗಿದ. “ಎದಿನೋವು ಬಂದಿತ್ತಂತ ಹೇಳೂಣು. ಹೋದಾಂವ ಹೋದ. ಉಳದ ಹುಡುಗೂರ ಬಾಳೇವು ಹಾಳಾಗಬಾರ್ದು.”

ಶುಭಮ್‌ನ ತಾಯಿ ಆಮ್ರಪಾಲಿ ಬಂದು ಕಿಶೋರನನ್ನೇ ಕೇಳಿದರು. “ನನ್ನ ಮಗಗ ಏನಾಗಿತ್ತಪಾ?”

“ಎದಿನೋವಲ್ರಿ ಅವ್ವಾ. ನಾವ ಕುಡಿಸಿದ್ವಿ. ಹುಣಸಿ ನೀರ ಹಾಕುಮುಂದ ತಲಿ ನಾನ ಹಿಡದಿದ್ದೆ. ಫೋನ್ ಮಾಡಬ್ಯಾಡ ಅಂದಾವ್ರು ಇವ್ರು.”

“ಏ ಹುಚ್ಚಾ!” ಮಾಲಿಂಗಪ್ಪ ತೋಳು ಹಿಡಿದೆಳೆದ. ಕಿಶೋರ ಕೊಸರಿಕೊಂಡು, ಪೊಲೀಸರ ಮುಂದೆಯೂ ಅದನ್ನೇ ಹೇಳಿದ.

ಹಾಸ್ಟೆಲ್ಲಿನ ಬೋರ್ಡು ಇನ್ನೂ ಅಲ್ಲೇ ಇದೆ. ಹೆಸರು ಅಳಿಸಿಲ್ಲ. ಹೋದದ್ದು ಒಬ್ಬ ಹುಡುಗ. ವಯಸ್ಸು ಹದಿನೆಂಟು. ಆ ತಾಯಿಗೆ ಇದ್ದದ್ದು ಅವನೊಬ್ಬನೇ.