ಈ ಟೀ ಶರ್ಟ್ ಒಗೆಯಬೇಡಿ

ಬಟ್ಟೆ ಮೂಸಿ ಮನುಷ್ಯರ ಜಾತಕ ಹೇಳಿಬಿಡುವಂಥದ್ದು ಅಮ್ಮನ ಮೂಗು. ಮನೆಯ ಕೆಳಗೇ ಅಪ್ಪ ಅಮ್ಮನ ಲಾಂಡ್ರಿ. ಬೀದಿಯಲ್ಲಿ ಯಾರು ಕದ್ದು ಸಿಗರೇಟು ಸೇದುತ್ತಾರೆ, ಜಿಮ್‌ಗೆಂದು ಹೊರಟವರು ಯಾರು ಬೇಕರಿಗೆ ನುಗ್ಗುತ್ತಾರೆ, ಎಲ್ಲ ಅವಳಿಗೆ ಗೊತ್ತು. ಗೊತ್ತಾಗದೆ ಹೋದದ್ದು ಸ್ವಂತ ಮಗಳ ಸಂಗತಿ ಮಾತ್ರ. ಕಾಲೇಜಿಗೆ ಸೇರಿದ ಮೇಲೆ ಹುಡುಗಿ ತನ್ನ ಬಟ್ಟೆ ತಾನೇ ಮೆಷಿನ್‌ಗೆ ಹಾಕುತ್ತಿದ್ದಳು. "ನಮ್ ಪುಟ್ಟಿಗೆ ಎಷ್ಟು ಜವಾಬ್ದಾರಿ ನೋಡಿ" ಎಂದು ಅಮ್ಮ ಗಿರಾಕಿಗಳ ಮುಂದೆ ಬೀಗಿದ್ದೇ ಬೀಗಿದ್ದು. ಗಾಂಜಾ ವಾಸನೆಯೆಲ್ಲ ಇವರದೇ ಸೋಪಿನ ನೊರೆಯಲ್ಲಿ ಕೊಚ್ಚಿಹೋಗುತ್ತಿತ್ತು. ಪುಟ್ಟಿ ಪರೀಕ್ಷೆಯಲ್ಲಿ ಖಾಲಿ ಹಾಳೆ ನೋಡಿಕೊಂಡು ನಗುತ್ತ ಕೂತಿದ್ದಾಳೆಂದು ಕಾಲೇಜಿನವರು ಕರೆಸಿದಾಗಲೇ ಅಪ್ಪ ಅಮ್ಮನ ಕಣ್ಣು ತೆರೆದದ್ದು.

ಈಗ ಪುಟ್ಟಿ ರಿಹ್ಯಾಬ್‌ನಲ್ಲಿದ್ದಾಳೆ. ಇನ್ನು ವಾರಕ್ಕೊಂದು ದಿನ ಮನೆಗೆ ಬಿಡುತ್ತಾರೆ. ಇವತ್ತು ಮೊದಲ ಸಲ ಬಂದಿದ್ದಳು, ಸಂಜೆ ವಾಪಸ್ ಹೋಗಬೇಕು. ಕಳಿಸುವಾಗ ಕೌನ್ಸೆಲರ್ ಅಮ್ಮನಿಗೆ ಹೇಳಿದ್ದು ಇಷ್ಟೇ: "ಪೊಲೀಸ್ ಕೆಲಸ ಮಾಡ್ಬೇಡಿ. ತಿಳ್ಕೋಬೇಕು ಅನ್ಸಿದ್ರೆ ಕೇಳಿ."

ಬ್ರೆಡ್ ತರಲು ಹೋದ ಪುಟ್ಟಿ ತಡವಾಗಿ ಬಂದು, ಟೀ ಶರ್ಟ್ ಬದಲಿಸಿ, ಸೀದಾ ಮೆಷಿನ್ ಹತ್ತಿರ ನಡೆದಳು.

"ಕೊಡು, ನಾನ್ ಹಾಕ್ತೀನಿ" ಎಂದು ಅಮ್ಮ ಕೈಚಾಚಿದಳು. ಮೂಸುವುದೇ ಬೇಕಾಗಲಿಲ್ಲ. "ಸೇದಿದ್ಯಾ?"

"ಎರಡು ದಮ್ಮು. ಹಳೇ ಫ್ರೆಂಡ್ ಸಿಕ್ಕಿದ್ಲು."

ಪಕ್ಕದಲ್ಲಿ ಅಪ್ಪನ ಇಸ್ತ್ರಿಪೆಟ್ಟಿಗೆ ಗಿರಾಕಿಯೊಬ್ಬರ ಅಂಗಿಯ ತೋಳಿನ ಅರ್ಧದಲ್ಲೇ ನಿಂತಿತು.

"ಬೈಯಲ್ವಾ?" ಪುಟ್ಟಿ ಕೇಳಿದಳು.

"ಆಮೇಲೆ ಬೈತೀನಿ. ಮೊದ್ಲು ಹೇಳು, ಅದ್ರಲ್ಲಿ ಅಂಥಾದ್ದೇನಿದೆ? ನಿಜವಾಗ್ಲೂ ಕೇಳ್ತಿದೀನಿ ಕಣೆ."

ಇಷ್ಟು ದಿನದಲ್ಲಿ ಯಾರೂ ಅದನ್ನು ಹೀಗೆ ಕೇಳಿರಲಿಲ್ಲ. ಪುಟ್ಟಿ ಯೋಚಿಸಿದಳು. "ತಲೇಲಿ ಒಂದು ಮೆಷಿನ್ ಓಡ್ತಾನೇ ಇರುತ್ತೆ. ಅದು ನಿಂತ ಹಾಗಾಗುತ್ತೆ."

"ಇವತ್ತೂ ನಿಲ್ತಾ?"

"ಎಲ್ಲಿ ನಿಲ್ಲುತ್ತೆ. ನಿನ್ ಮೂಗು ನೆನಪಾಯ್ತು."

"ಆ ಮೂಗಿಗೆ ನಾನೇ ಹೆದರ್ತೀನಿ, ನೀನ್ಯಾವ ಲೆಕ್ಕ" ಎಂದ ಅಪ್ಪ. ತೋಳು ಸುಡುವ ವಾಸನೆ ಬಂದಾಗಲೇ ಅವನು ಪೆಟ್ಟಿಗೆ ಎತ್ತಿದ್ದು.

ಪುಟ್ಟಿ ಅಮ್ಮನ ಕೈ ಹಿಡಿದುಕೊಂಡಳು. "ಅಲ್ಲಿ ಗೊತ್ತಾದ್ರೆ ಸದ್ಯಕ್ಕೆ ಮನೆಗೆ ಬಿಡಲ್ಲಮ್ಮ. ಒಗೆದು ಸುಮ್ನಿದ್ಬಿಡು. ಯಾರ್ಗೂ ತಿಳಿಯಲ್ಲ."

ಒಂದು ಸುತ್ತು ತಿರುಗಿಸಿದರೆ ಸಾಕು, ಮುಂದಿನ ವಾರವೂ ಮಗಳು ಮನೆಯಲ್ಲಿ. ಅಮ್ಮನ ಕೈ ಸೋಪಿನ ಡಬ್ಬಿಯವರೆಗೂ ಹೋಯಿತು. ಆದರೆ ಈ ಮನೆಯಲ್ಲಿ ಆ ವಾಸನೆ ಒಗೆದದ್ದು ಸಾಕಾಗಿತ್ತಲ್ಲ? ಅವಳು ಟೀ ಶರ್ಟನ್ನು ಮಗಳ ಕೈಗೇ ವಾಪಸ್ ಕೊಟ್ಟಳು.

"ನಾನ್ ಒಗೆಯಲ್ಲ. ನೀನ್ ಒಗೆದ್ರೆ ತಡೆಯೋದೂ ಇಲ್ಲ."

ಪುಟ್ಟಿ ಮೆಷಿನ್ನಿನ ಬಾಗಿಲು ತೆರೆದು ನಿಂತಳು. ಅವಳೇನು ಮಾಡುತ್ತಾಳೋ ಅಮ್ಮನಿಗೆ ಅಂದಾಜೇ ಸಿಗಲಿಲ್ಲ. ತಾನೇ ಹೆತ್ತ ಹುಡುಗಿಯನ್ನು ಈಗಷ್ಟೇ ಯಾರೋ ಪರಿಚಯ ಮಾಡಿಸಿದ ಹಾಗೆ ಅವಳನ್ನೇ ನೋಡುತ್ತಿದ್ದಳು.

"ಅಪ್ಪಾ, ಒಂದು ಕವರ್ ಕೊಡು."

ಕವರ್ ತಂದ ಅಪ್ಪ ಅಭ್ಯಾಸಬಲದಿಂದ ಕೊಳೆ ಟೀ ಶರ್ಟನ್ನೂ ನೀಟಾಗಿ ಮಡಚಿಯೇ ಒಳಗಿಟ್ಟ.

"ಕೌನ್ಸೆಲರ್ ಮೇಡಂ ಹತ್ರ ನಾನೇ ಹೇಳ್ತೀನಿ" ಎಂದಳು ಪುಟ್ಟಿ. "ನೀವಿಬ್ರೂ ಮಧ್ಯ ಬಾಯಿ ಹಾಕ್ಬೇಡಿ."

"ನಾನಂತೂ ಹಾಕಲ್ಲ" ಎಂದ ಅಪ್ಪ, ಅವಳನ್ನು ಬಿಟ್ಟುಬರಲು ಅಂಗಡಿಯ ಷಟರ್ ಎಳೆಯುತ್ತ. "ನಿಮ್ಮಮ್ಮನ ಗ್ಯಾರಂಟಿ ಕೊಡಕ್ಕಾಗಲ್ಲ."