ಬೆನ್ನಿಗೆ ಬಿಸಿಲು ಹೊತ್ತ ಅಂಗಿ

ನಾನು ಒಂದು ನೀಲಿ ಅಂಗಿ. ಮೊದಲು ಎಲ್ಲಿ ಹುಟ್ಟಿದೆನೋ ತಿಳಿಯದು. ಎರಡನೇ ಸಲ ಹುಟ್ಟಿದ್ದು ಕುಮಟಾ ಕಡೆಯ ಹೊಳೆದಂಡೆಯಲ್ಲಿ, ಯಮುನಾಳ ಹೊಲಿಗೆ ಯಂತ್ರದ ಕೆಳಗೆ.

ದೋಣಿಗೆ ಹೋಗುವ ಮಂಕಾಳು ನನ್ನನ್ನು ತೊಟ್ಟು ತೊಟ್ಟು ಕಾಲರು ಹರಿದ ಮೇಲೆ ಅವನ ಹೆಂಡತಿ ಮಾದೇವಿಯ ಮೈಗೆ ಬಂದೆ. ನೀರು ಇಳಿದ ಹೊತ್ತಿನಲ್ಲಿ ಹೊಳೆಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುವುದು ಅವಳ ಕೆಲಸ. ಅಲ್ಲಿನ ಹೆಂಗಸರೆಲ್ಲ ಬಿಸಿಲಿಗೆಂದು ಸೀರೆಯ ಮೇಲೆ ಗಂಡಂದಿರ ಹಳೆ ಅಂಗಿ ತೊಡುತ್ತಾರೆ.

ಆಗ ಅವಳ ಮಗಳು ಸುಶೀಲಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆಗೆ ಕಾದಿದ್ದಳು. ಮೊದಲ ಕೂಸು ಉಳಿದಿರಲಿಲ್ಲ. ಮಾದೇವಿಯ ಹಳೆ ಫೋನೋ, ಹೊಳೆಯಲ್ಲಿ ಅರ್ಧ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು.

ಪಕ್ಕದ ಮನೆಯ ಯಮುನಾಳದು ಮಾತು ಕಡಿಮೆ. ಸೌರದೀಪ ರಿಪೇರಿ ಕಲಿತಿದ್ದಳು. ಅಂಗೈಯಗಲದ ಸೌರಫಲಕವನ್ನು ನನ್ನ ಎದೆಗೆ ಹೊಲಿದಳು, ತಂತಿಯನ್ನು ಮಡಿಕೆಯೊಳಗೆ ಓಡಿಸಿದಳು, ಫೋನಿಗೆ ಪ್ಲಾಸ್ಟಿಕ್ಕಿನ ಜೇಬಿಟ್ಟಳು. ಅಂಗಳದಲ್ಲಿ ತಾನೇ ತೊಟ್ಟು ನಿಂತು ನೋಡಿದಳು. ಚಾರ್ಜ್ ಏರಿತು. ಹೊಳೆಯಲ್ಲಿ ಏರಲಿಲ್ಲ.

ಸಂಜೆ ಮಾದೇವಿ ನನ್ನನ್ನು ಬಿಚ್ಚಿ ಕೊಟ್ಟಳು. "ಸೂರ್ಯಂಗೆ ನನ್ನ ಮೊಕ ಕಾಣೂದಿಲ್ಲ ಹೆಣ್ಣೇ, ಬೆನ್ನೇ ಕಾಣೂದು."

ಯಮುನಾ ಮರುದಿನ ದಂಡೆಯಲ್ಲಿ ಕೂತು, ನೀರು ಏರುವ ತನಕ ಬಾಗಿದ ಬೆನ್ನುಗಳನ್ನೇ ನೋಡಿದಳು. ಮನೆಗೆ ಬಂದು ನನ್ನ ಹೊಲಿಗೆ ಬಿಚ್ಚಿ, ಫಲಕವನ್ನು ಹೆಗಲುಗಳ ನಡುವೆ ಕೂರಿಸಿದಳು.

"ಮಾದೇವಿ ಬೆನ್ನಿಗೆ ಕನ್ನಡಿ ಕಟ್ಕಂಡಾಳೆ. ಹಿಂದೆ ಬರೋರು ತಲೆ ಬಾಚ್ಕಳಿ," ಎಂದು ಜೊತೆಗಾತಿ ಗಣಪಿ ನಗಿಸಿದಳು. ಆ ನಗುವಿನ ನಡುವೆಯೇ ಫೋನು ಮೊಳಗಿತು.

ಒದ್ದೆ ಕೈಯಲ್ಲೇ ಮಾದೇವಿ ಅದನ್ನು ಕಿವಿಗಿಟ್ಟಳು. ಅವಳ ಬೆನ್ನು ನಡುಗಿದ್ದು ನನಗೆ ಮಾತ್ರ ಗೊತ್ತು. ಗಂಡೋ ಹೆಣ್ಣೋ ಎಂದು ಕೇಳಲಿಲ್ಲ.

"ಅಳ್ತದ್ಯಾ?" ಎಂದಳು.

ಆಚೆಯಿಂದ ಅಳು ಕೇಳಿತು, ಗಟ್ಟಿಯಾಗಿ. ಹೊಳೆಯಲ್ಲಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ ನಿಂತು ಕೇಳಿದರು.

ಉಪ್ಪುನೀರು ಮೆಲ್ಲಗೆ ನನ್ನ ತಂತಿಗಳನ್ನು ತಿಂದಿತು. ಯಮುನಾ ಫಲಕವನ್ನು ಬೇರೆ ಅಂಗಿಗೆ ಹೊಲಿದಳು. ಗಣಪಿಯೂ ತನ್ನ ಅಂಗಿಗೆ ಒಂದು ಫಲಕ ಹೊಲಿಸಿಕೊಂಡಳು. ನನ್ನನ್ನು ಕತ್ತರಿಸಿ ಆ ಕೂಸಿಗೆ ಕೌದಿ ಮಾಡಿದರು.

ನಾನು ಎಲ್ಲೆಡೆ ಬಿಳಿಚಿದ್ದೇನೆ. ಫಲಕ ಕೂತಿದ್ದ ಜಾಗ ಮಾತ್ರ ಅದನ್ನು ಹೊಲಿದ ದಿನದ ನೀಲಿಯಲ್ಲೇ ಇದೆ. ನನ್ನ ಪಾಲಿನ ಬಿಸಿಲನ್ನು ಅಲ್ಲಿ ಫಲಕವೇ ಉಂಡಿತ್ತು. ಯಮುನಾ ಆ ತುಂಡನ್ನು ಆರಿಸಿ ಕೌದಿಯ ನಡುವೆ ಇಟ್ಟಿದ್ದಾಳೆ. ಕೂಸು ಅದರ ಮೇಲೆ ಕೆನ್ನೆಯಿಟ್ಟು ಮಲಗುತ್ತದೆ. ಹರಿದ ಅಂಗಿಗೆ ಇದಕ್ಕಿಂತ ಒಳ್ಳೆಯ ಮುಪ್ಪು ಯಾರು ಕೊಟ್ಟಾರು?